ಜಗದೇವಿ ಎತ್ತದ ಫೋನು

ಜಹೀರಾಬಾದಿನ ಜಗದೇವಿ ಸಂಬಂಧ ಕೂಡಿಸುವ ಹೆಂಗಸು. ನಾರಾಯಣಖೇಡದ ಹುಡುಗಿ ತಾಂಡೂರಿನ ಫರಸಿ ಕಲ್ಲಿನ ವ್ಯಾಪಾರಿಯ ಮನೆ ಸೇರಿದ್ದು, ಬೀದರಿನ ಮಾಸ್ತರನಿಗೆ ಮನೂರಿನ ಹೆಣ್ಣು ಸಿಕ್ಕಿದ್ದು ಅವಳ ಬಾಯಿಂದಲೇ. ಪ್ರತಿಯಾಗಿ ಒಂದು ಕುಪ್ಪಸದ ಖಣ ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ಗಂಡ ತೀರಿಕೊಂಡ ಮೇಲೆ ನಡುಮನೆಯ ಕುರ್ಚಿ, ಅದರ ಪಕ್ಕದ ಫೋನು, ಇವೆರಡೇ ಅವಳ ಸಂಸಾರ ಎಂದು ಜನ ನಗುತ್ತಿದ್ದರು. ಎರಡನೇ ಸಲ ಗಂಟೆ ಬಾರಿಸುವಷ್ಟರಲ್ಲಿ ಅವಳು ಫೋನು ಎತ್ತಿರುತ್ತಿದ್ದಳು.

ಎತ್ತದಿದ್ದರೆ ಅದಕ್ಕೂ ಒಂದು ಅರ್ಥವಿತ್ತು. ಹೆಣ್ಣು ನೋಡಿದ ಮೇಲೆ ಗಂಡಿನ ಕಡೆಯವರೇ ಮೊದಲು ಫೋನು ಮಾಡಬೇಕು. ಹೆಣ್ಣಿನವರು ತಾವಾಗಿ ಕೇಳಿದರೆ ಮರ್ಯಾದೆಗೆ ಕುಂದು. ಹೆಣ್ಣಿನವರಿಗೆ ಮನಸ್ಸಿಲ್ಲವೆಂದರೆ, ನಂಬರು ನೋಡಿ ಜಗದೇವಿ ಫೋನು ಎತ್ತುತ್ತಿರಲಿಲ್ಲ. "ಒಬ್ಬರ ಮಗನಿಗೆ ಒಲ್ಲೆ ಅನ್ನೋ ಮಾತು ಬಾಯಿಂದ ಯಾಕ ಬರಬೇಕು? ಗಂಟಿ ಬಾರಿಸಿ ಬಾರಿಸಿ ತಾವೇ ತಿಳ್ಕೋತಾರ," ಎನ್ನುತ್ತಿದ್ದಳು. ನಾಲ್ಕೂರಿನ ಜನಕ್ಕೆ ಅವಳ ಈ ರೂಢಿ ಗೊತ್ತಿತ್ತು.

ಅದೇ ಮನೆಯಲ್ಲಿದ್ದ ಅವಳ ಅಣ್ಣನ ಸೊಸೆ ಶಿವಲೀಲಾಳಿಗೆ ಮಾತ್ರ ಇದೆಲ್ಲ ಹೊಸದು. ಹೈದರಾಬಾದಿನಲ್ಲಿ ಓದಿದವಳು. ಗಂಡ ಅಮರನಾಥ ತಾಂಡೂರಿನ ಸಿಮೆಂಟು ಕಾರ್ಖಾನೆಯಲ್ಲಿದ್ದ. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ ಎಂಬ ಮುಷ್ಕರ ಶುರುವಾದಾಗಿನಿಂದ ಬಸ್ಸೂ ಇಲ್ಲ, ರೈಲಿನ ಭರವಸೆಯೂ ಇಲ್ಲ, ಅವನು ಅಲ್ಲೇ ಉಳಿದ. ಅವಳ ಎರಡು ವರ್ಷದ ಮಗಳಿಗೆ ಜ್ವರ ಏರಿದರೆ ಮೈ ಸೆಟೆದು ಕಣ್ಣು ಮೇಲಾಗುತ್ತಿತ್ತು. ದಪ್ಪ ಕಲ್ಲಿನ ಗೋಡೆಯ ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಬರುತ್ತಿರಲಿಲ್ಲ. ಹಳೆಯ ಫೋನು ಮಳೆ ಬಂದರೆ ಗೊರಗೊರ, ಇಂಟರ್ನೆಟ್ಟಂತೂ ಇದ್ದರೆ ಇದ್ದೀತು. ಡಾಕ್ಟರಿಗೆ ಹೇಗೆ ಹೇಳಲಿ, ಗಂಡನಿಗೆ ಹೇಗೆ ತಿಳಿಸಲಿ ಎಂದು ಶಿವಲೀಲಾ ಮಗುವಿನ ಹಣೆ ಮುಟ್ಟಿ ಮುಟ್ಟಿ ಸೋತಿದ್ದಳು.

"ಅತ್ತ್ಯಾರ, ಇದನ್ನ ತೆಗೆಸಿಬಿಡೋಣ. ಹೊಸ ಕಂಪನಿಯವರು ಫೋನು, ಇಂಟರ್ನೆಟ್ ಎರಡೂ ಕೊಡ್ತಾರೆ," ಎಂದಳು ಒಂದು ದಿನ.

"ನಂಬರ್ ಅದೇ ಇರ್ತದೇನವ್ವಾ?"

"ಇಲ್ಲ. ಹೊಸದು."

"ಹಂಗಾದ್ರ ನಾ ಯಾರು ಅಂತ ಊರಿಗೆ ಮತ್ತ ಹೊಸದಾಗಿ ಹೇಳ್ಕೋತ ತಿರಗಲೇನು, ಈ ವಯಸ್ನಾಗ?"

ಎರಡು ದಿನ ಮಾತು ನಡೆಯಿತು. ಕೊನೆಗೆ ಜಗದೇವಿ ಮೊಮ್ಮಗಳ ಕಡೆ ನೋಡಿ ಒಪ್ಪಿದಳು. ಒಂದೇ ಷರತ್ತು. ಮೊಗುಡಂಪಲ್ಲಿಯ ಮೋನಮ್ಮನ ಮಗಳು ಬಾಲಮಣಿಯನ್ನು ಬೀದರಿನ ಉಮಾಬಾಯಿ ತನ್ನ ಮಗನಿಗೆ ನೋಡಿ ಹೋಗಿದ್ದಳು. ಬಾಲಮಣಿಗೆ ಇಪ್ಪತ್ತೆಂಟು ತುಂಬಿತ್ತು. ಎಷ್ಟೋ ಜನ ಬಂದು ಉಪ್ಪಿಟ್ಟು ತಿಂದು ಹೋಗಿದ್ದರು. ಈ ಸಲ ಹುಡುಗಿ ತಾನೇ ಮನಸ್ಸು ಮಾಡಿದ್ದಳು.

"ಬೀದರಿಂದ ಫೋನ್ ಬರೋ ತನಕ ಹಳೇದು ಇರ್ಲಿ. ಅವರ ಬಲ್ಲಿ ಈ ನಂಬರೇ ಅದ. ಬಸ್ ಬಂದ್ ಅವ, ತಾವೇ ಬಂದು ಹೇಳಾಕೂ ಆಗಲ್ಲ."

"ಇರಲಿ ಅತ್ತ್ಯಾರ. ಎರಡೂ ಇರಲಿ," ಎಂದಳು ಶಿವಲೀಲಾ.

ಹೊಸ ಕಂಪನಿಯವನು ಬಂದ ದಿನ ಜಗದೇವಿ ಮಠಕ್ಕೆ ಹೋಗಿದ್ದಳು. ಮಗುವಿಗೆ ಮೈ ಬಿಸಿಯಾಗಿತ್ತು. ಶಿವಲೀಲಾ ಒದ್ದೆ ಬಟ್ಟೆ ಹಿಂಡುತ್ತ ಕೂತಿದ್ದಾಗ ಅವನು ಹೊರಗಿನಿಂದಲೇ ತೆಲುಗಿನಲ್ಲಿ ಏನೋ ಕೇಳಿದ. ಗೋಡೆಯ ತೂತು ಒಂದೇ ಇದೆ, ಹಳೆಯ ತಂತಿ ಎಳೆದು ಹೊಸದು ತೂರಿಸಲೇ ಎಂದು. ಅವಳ ಕಣ್ಣು ಥರ್ಮಾಮೀಟರಿನ ಮೇಲಿತ್ತು. "ಏನಾದರೂ ಮಾಡಿ, ಬೇಗ ಮುಗಿಸಿ," ಎಂದಳು. ಅವನು ಹಳೆಯ ತಂತಿಯನ್ನು ಹೊರಗೋಡೆಯಲ್ಲಿ ಕತ್ತರಿಸಿ, ಒಳಗಿನ ತುಂಡನ್ನು ಇದ್ದಂತೆಯೇ ಬಿಟ್ಟು ಹೋದ.

ತಂತಿ ಹೋದರೂ ಹಳೆಯ ಫೋನಿನಲ್ಲಿ ಬ್ಯಾಟರಿ ಸೆಲ್ಲು ಇತ್ತು. ಅದರ ಗಾಜಿನಲ್ಲಿ ಗಂಟೆ ನಿಮಿಷ ಎಂದಿನಂತೆ ಓಡುತ್ತಿದ್ದವು. ಜಗದೇವಿ ಅದರ ಪಕ್ಕ ಕೂತು ಕಾದಳು. ಡಾಕ್ಟರಿಗೆ, ತಾಂಡೂರಿಗೆ ಶಿವಲೀಲಾ ಹೊಸದರಿಂದಲೇ ಮಾತಾಡಿದಳು. ಹಳೆಯದನ್ನು ಯಾರೂ ಎತ್ತಿ ನೋಡಲಿಲ್ಲ. ವಾರ ಕಳೆಯಿತು. ಮೋನಮ್ಮ ಶೇರ್ ಆಟೋದವನ ಕೈಲಿ ಎರಡು ಸಲ ಹೇಳಿಕಳಿಸಿದಳು: ಏನರ ಬಂತೇನು?

"ಉಮಾಬಾಯಿ ಹಿಂಗ ಸುಮ್ಮ ಕೂಡೋ ಹೆಣ್ಮಗಳಲ್ಲ," ಎನ್ನುತ್ತ ಜಗದೇವಿ ಒಂದು ಸಂಜೆ ಧೂಳು ಒರೆಸಲು ರಿಸೀವರ್ ಎತ್ತಿದಳು. ಕಿವಿಗೆ ಹಿಡಿದಳು. ಮತ್ತೊಂದು ಕಿವಿಗೆ ಹಿಡಿದಳು.

"ಶಿವಲೀಲಾ, ಇದು ಸತ್ತೇ ಹೋಗ್ಯದ."

ಶಿವಲೀಲಾ ಹೊರಗೆ ಹೋಗಿ ಗೋಡೆ ನೋಡಿದಳು. ಕತ್ತರಿಸಿದ ತುದಿ ಗಾಳಿಗೆ ಅಲ್ಲಾಡುತ್ತಿತ್ತು. ಒಳಗೆ ಬಂದು, ಕಂಪನಿಯವನಿಗೆ ತಾನೇ ಏನಾದರೂ ಮಾಡಿ ಎಂದಿದ್ದನ್ನೂ ಹೇಳಿದಳು.

ಜಗದೇವಿ ಬೈಯಲಿಲ್ಲ. "ಹೊಸದ್ರಿಂದ ಹಚ್ಚು. ಬೀದರಿಗೆ," ಎಂದಳು. ಹೆಣ್ಣಿನ ಕಡೆಯಿಂದ ಅವಳು ತಾನಾಗಿ ಮಾಡಿದ ಮೊದಲ ಫೋನು ಅದು.

"ಯಾರ್ರೀ?" ಎಂದಳು ಅತ್ತ ಉಮಾಬಾಯಿ.

"ನಾ ರೀ, ಜಗದೇವಿ. ಜಹೀರಾಬಾದ್."

"ಅಕ್ಕೋರ, ಇದ್ಯಾವ ನಂಬರ್ ನಿಮ್ದು? ನಾವು ಮೂರು ಸಂಜಿ ಹಚ್ಚಿದ್ವಿ ನೋಡ್ರಿ. ಗಂಟಿ ಹೊಡಿತದ, ಹೊಡಿತದ, ನೀವು ಎತ್ತಲೇ ಇಲ್ಲ. ನಮ್ಮ ಹುಡುಗ ಹೂಂ ಅಂದಿದ್ದ. ನಿಮ್ಮವರಿಗೇ ಮನಸಿಲ್ಲ ಅಂತ ನಾವು ತಿಳ್ಕೊಂಡ್ವಿ."

"ನಮ್ಮ ತಂತಿ ಹರಿದಿತ್ತು ರೀ. ಗಂಟಿ ನಿಮಗಷ್ಟೇ ಕೇಳ್ಯದ, ಇಲ್ಲಿ ಬಂದಿಲ್ಲ."

"ನಿನ್ನಿನೇ ಭಾಲ್ಕಿಯವರ ಜೋಡಿ ಲಗ್ನದ ಮಾತು ಮುಗಿಸಿ ಸಕ್ರಿ ಹಂಚಿದ್ವಿ, ಅಕ್ಕೋರ. ಏನ್ ಮಾಡ್ಲಿ ಹೇಳ್ರಿ."

ಮರುದಿನ ಇಬ್ಬರೂ ಮೊಗುಡಂಪಲ್ಲಿಗೆ ಹೊರಟರು. ಇಂಥ ಮಾತು ಫೋನಿನಲ್ಲಿ ಹೇಳುವುದಲ್ಲ ಎಂದಳು ಜಗದೇವಿ. ಶೇರ್ ಆಟೋದಲ್ಲಿ ಮಂದಿಯ ನಡುವೆ ಶಿವಲೀಲಾ ಮಗುವನ್ನು ಅವುಚಿಕೊಂಡು, ಬಿಸಿಲು ತಾಗೀತೆಂದು ಸೆರಗು ಹೊದಿಸುತ್ತ ಕೂತಳು.

"ಅತ್ತ್ಯಾರ, ಬೀದರಿನವರೇ ಒಲ್ಲೆ ಅಂದರು ಅಂತ ಹೇಳಿಬಿಡೋಣವೇ? ಇಲ್ಲದಿದ್ದರೆ ಇನ್ನು ಯಾರು ನಿಮ್ಮ ಹತ್ತಿರ ಬರ್ತಾರೆ?"

"ಬರದಿದ್ರ ಬಿಡ್ಲಿ, ನನಗೂ ಸಾಕಾಗ್ಯದ," ಎಂದಳು ಜಗದೇವಿ. "ಆ ಹುಡುಗಿಗೆ ಮತ್ತೊಬ್ಬ ಒಲ್ಲೆ ಅಂದ ಅಂತ ಹ್ಯಾಂಗ ಹೇಳ್ಲಿ? ಅಂದಿಲ್ಲಲ್ಲ."

ಮೋನಮ್ಮ ಚಾಪೆ ಹಾಸಿದಳು. ಜಗದೇವಿ ಕೂಡುವ ಮೊದಲೇ ಹೇಳಿಬಿಟ್ಟಳು. ಅವರು ಹೂಂ ಅಂದಿದ್ದು, ಫೋನು ಸತ್ತಿದ್ದು, ಸಕ್ಕರೆ ಹಂಚಿದ್ದು, ಎಲ್ಲ. ಮೋನಮ್ಮ ಅವಳ ಮುಖ ನೋಡಲಿಲ್ಲ. "ನಿಮ್ಮನ್ನ ನಂಬಿ ಕೂತಿದ್ವಿ ರೀ," ಎಂದಳು, ಅಷ್ಟೇ. ತಪ್ಪು ತನ್ನದೆಂದು ಹೇಳಲು ಶಿವಲೀಲಾ ಬಾಯಿ ತೆರೆದಳು. ಜಗದೇವಿ ಅವಳ ಮೊಣಕಾಲು ಒತ್ತಿದಳು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಹಿಟ್ಟಿನ ಕೈಯಲ್ಲೇ ಬಾಲಮಣಿ ಬಾಗಿಲಿಗೆ ಬಂದಳು.

"ಎಷ್ಟು ಸಲ ಮಾಡಿದ್ರಂತ?"

"ಮೂರು ಸಂಜಿ ಮಾಡಿದ್ರವ್ವಾ," ಎಂದಳು ಜಗದೇವಿ.

"ಮೂರು ಸಂಜಿ," ಎಂದಳು ಬಾಲಮಣಿ. ಕೈಯ ಹಿಟ್ಟು ಒರೆಸಿಕೊಂಡು, ಚಹಕ್ಕೆ ನೀರಿಡಲು ಒಳಗೆ ಹೋದಳು.