ಬಾವಿಯ ಬೀಗ, ಬೀದಿಯ ನಲ್ಲಿ

ಐವತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ, ನಾವು ಜಯನಗರದ ಅಂಚಿನಲ್ಲಿ ತಿಲಕ್ ನಗರದ ಕಡೆಗೆ ಬಾಡಿಗೆಗಿದ್ದೆವು. ನಮ್ಮ ಯಜಮಾನರು ಸ್ಕೂಲ್ ಮೇಷ್ಟ್ರು. ಮನೆಯೊಡತಿ ಹಳೇ ಊರಿನ ಒಕ್ಕಲು ಮನೆತನದ ವಿಧವೆ, ನಾಲ್ಕು ಮನೆಗಳ ಬಾಡಿಗೆ ಅವರಿಗೆ ಬರುತ್ತಿತ್ತು. ನಮ್ಮ ಅಡುಗೆಮನೆ ಇದ್ದ ಜಾಗದಲ್ಲಿ ಹಿಂದೆ ಅವರು ರಾಗಿ ಬೆಳೆಯುತ್ತಿದ್ದರಂತೆ. ಧಾರಾಳದ ಕೈ. ಕಾಲಕ್ಕೆ ಸರಿಯಾಗಿ ಮೊರ ತುಂಬ ಅವರೆಕಾಯಿ ನಮ್ಮ ಹೊಸ್ತಿಲಿಗೆ ಬರುತ್ತಿತ್ತು. ಅವರ ಹಿತ್ತಲಿನ ಬಾವಿಯಲ್ಲಿ ಆಚೆ ಗುಡಿಸಲುಗಳ ಹೆಂಗಸರೂ ನೀರು ಸೇದುತ್ತಿದ್ದರು.

ಆದರೆ ಕಂದಾಯ ಎಂದರೆ ಅವರಿಗೆ ಮೈಯೆಲ್ಲ ಉರಿ. “ಹೊಲ ತಗಂಡು ರೋಡ್ ಮಾಡಿದ್ರು. ಈಗ ಮನೆಗೂ ಕಟ್ಬೇಕಂತೆ. ಇಲ್ದವರಿಗೆ ನಾನೇ ಕೈಯಾರ ಕೊಡಕಿಲ್ವಾ?” ಎನ್ನುತ್ತಿದ್ದರು. ಹೊಲ ಹೋದದ್ದೂ ನಿಜ, ಕೊಡುತ್ತಿದ್ದದ್ದೂ ನಿಜ.

ಒಂದು ದಿನ ಆ ಗುಡಿಸಲುಗಳಿಂದ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಬಾವಿಕಟ್ಟೆಯ ಹತ್ತಿರ ಮನೆಯೊಡತಿಗೆ ಏನೋ ಎದುರು ಮಾತಾಡಿದಳು. ಅಷ್ಟಕ್ಕೇ ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಮೂರು ದಿನ ಆಕೆ ಬಿಂದಿಗೆ ಹೊತ್ತುಕೊಂಡು ಎಲ್ಲೆಲ್ಲಿಗೋ ಅಲೆದಳು. ಕೊನೆಗೆ ಬಂದು ತಪ್ಪಾಯಿತೆಂದು ಕೈಮುಗಿದಳು, ಬೀಗ ತೆಗೆದರು. ನೋಡುತ್ತಿದ್ದ ನನಗೆ ರೇಗಿಹೋಯಿತು.

ಅದೇ ವಾರ ಕಂದಾಯ ನಿಗದಿ ಮಾಡುವವರು ಬಂದರು. ಬಾಡಿಗೆ ಹೆಚ್ಚಿದ್ದಷ್ಟೂ ಕಂದಾಯ ಹೆಚ್ಚು. ಹಾಗಾಗಿ “ಕೇಳಿದ್ರೆ ಇಪ್ಪತ್ತು ಅನ್ನು” ಎಂದು ಮನೆಯೊಡತಿ ಮೊದಲೇ ಹೇಳಿಕೊಟ್ಟಿದ್ದರು.

“ಬಾಡಿಗೆ ಎಷ್ಟು ಕೊಡ್ತೀರಮ್ಮ?”

“ನಲವತ್ತು ಸಾರ್.”

ಇದನ್ನು ಸತ್ಯಸಂಧತೆ ಅಂತ ಯಾರೂ ಮೆಚ್ಚಿಕೊಳ್ಳಬೇಕಾಗಿಲ್ಲ. ನನ್ನ ಸಿಟ್ಟು ಹೇಳಿಸಿದ ಮಾತು ಅದು.

ಸಂಜೆ ಮನೆಯೊಡತಿ ಬಂದು ಬಾಗಿಲಲ್ಲೇ ನಿಂತರು. “ಇಷ್ಟು ಮಾಡಿ ನನ್ ಮನೇಲೇ ಇರ್ತೀಯಾ? ಖಾಲಿ ಮಾಡು.”

ನಾನಾಗ ಐದು ತಿಂಗಳ ಬಸುರಿ. ಆದರೂ ಬಾಯಿ ಸುಮ್ಮನಿರಲಿಲ್ಲ. “ನೀವು ಕೊಡ್ತೀರಿ, ಇಲ್ಲ ಅನ್ನಲ್ಲಮ್ಮ. ಆದ್ರೆ ನಿಮಗೆ ಕೋಪ ಬಂದ ದಿನ ಅವಳು ಏನ್ ಕುಡೀಬೇಕು? ಕಂದಾಯ ಕಟ್ಟಿ, ಬೀದಿಗೊಂದು ನಲ್ಲಿ ಕೇಳಿ. ಅದಕ್ಕೆ ಯಾರೂ ಬೀಗ ಹಾಕೋ ಹಾಗಿರಲ್ಲ.”

ಅವರು ಸೆರಗು ಕೊಡವಿಕೊಂಡು ಹೋದರು. ನಾನು ಒಳಗೆ ಬಂದು ಅತ್ತೆ. ಮಾರನೆಯ ದಿನವೇ ಟ್ರಂಕು ಕಟ್ಟಿಟ್ಟೆವು. ಯಜಮಾನರು ಸ್ಕೂಲು ಬಿಟ್ಟ ಮೇಲೆ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆಸಿದರು. ನಮ್ಮ ಸಂಬಳಕ್ಕೆ ಒಗ್ಗುವ ಮನೆ ಸಿಗಲಿಲ್ಲ. ತಿಂಗಳಿಗೊಮ್ಮೆ ಬಾಡಿಗೆ ಕೊಡಲು ಹೋದರೆ ಅದೇ ಪ್ರಶ್ನೆ, “ಮನೆ ಸಿಕ್ತಾ?” ಇಲ್ಲ ಎಂದರೆ, “ಹುಡುಕಿ.”

ಈ ನಡುವೆ ಅವರ ಕಂದಾಯ ಏರಿತು. ಬೈದುಕೊಂಡೇ ಕಟ್ಟಿದರು. ಆದರೆ ಕಟ್ಟಿ ಸುಮ್ಮನೆ ಕೂರುವ ಪೈಕಿ ಅಲ್ಲ ಅವರು. ರಸೀದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಆಫೀಸಿಗೆ ಹೋದರು, ಮತ್ತೆ ಮತ್ತೆ ಹೋದರು. “ದುಡ್ಡು ಈಸ್ಕಂಡ್ರಲ್ಲ, ನಮ್ ಬೀದಿಗೆ ನಲ್ಲಿ ಎಲ್ಲಿ?” ಎಂದು ಮೇಜಿನ ಮುಂದೆ ನಿಂತು ಕೇಳಿದರಂತೆ. ಸಂಗತಿ ಕೇಳಿ ನನಗೆ ಅವರ ಮೇಲಿದ್ದ ಕೋಪ ಅರ್ಧ ಇಳಿಯಿತು.

ನಲ್ಲಿ ಬಂತು. ಅಷ್ಟರಲ್ಲಿ ಮಗಳೂ ಹುಟ್ಟಿದ್ದಳು. ನಾವು ಇನ್ನೂ ಅದೇ ಮನೆಯಲ್ಲಿ, ಕಟ್ಟಿದ ಟ್ರಂಕು ಇನ್ನೂ ಗೋಡೆ ಪಕ್ಕದಲ್ಲಿ. ಆ ಬೇಸಿಗೆ ಬಾವಿ ಬತ್ತಿತು. ಒಂದು ಬೆಳಿಗ್ಗೆ ಮನೆಯೊಡತಿ ಹಿತ್ತಾಳೆ ಬಿಂದಿಗೆ ಹಿಡಿದು ನೇರ ನಲ್ಲಿಯ ಮುಂದಕ್ಕೆ ಹೋದರು. ಆವತ್ತು ಕೈಮುಗಿದಿದ್ದಳಲ್ಲ, ನಮ್ಮ ಪಾತ್ರೆ ತೊಳೆಯುವಾಕೆ, ಅವಳ ಸರದಿ ಅದು.

“ಅಮ್ಮಾ, ಸಾಲು ಐತೆ,” ಎಂದಳು. ದನಿ ಎತ್ತಲಿಲ್ಲ, ತಗ್ಗಿಸಲೂ ಇಲ್ಲ.

ಮನೆಯೊಡತಿ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸಾಲಿನ ಕೊನೆಗೆ ಬಂದು, ನನ್ನ ಹಿಂದೆ ಬಿಂದಿಗೆ ಕುಕ್ಕಿದರು.

“ಎಲ್ಲಾ ನಿನ್ನಿಂದ್ಲೇ ಕಣಮ್ಮಿ,” ಎಂದರು. “ಮನೆಗಿನೆ ಹುಡುಕ್ಕಂಡು ಹೋದೀಯ, ಹುಷಾರು. ದಿನಾ ನನ್ ಜತೆ ಇಲ್ಲೇ ನಿಂತ್ಕಬೇಕು ನೀನು.”

ನೀರು ತಂದಿಟ್ಟವಳೇ ಟ್ರಂಕು ಬಿಚ್ಚಿದೆ.