ಶಿವನಿಗೆ ಏರಿದ ಬಿಳಿ ಟುಲಿಪ್

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಮೈಸೂರಿನಿಂದ ಬಂದ ನಮ್ಮ ಮಾವನವರಿಗೆ ಅಮೆರಿಕದ ಈ ಜರ್ಮನ್‌ಟೌನಿನ ಬಗ್ಗೆ ಇದ್ದದ್ದು ಒಂದೇ ದೂರು, ಬೆಳಗಿನ ವಾಕಿಂಗಿಗೆ ಹೋದರೆ ಕೀಳಲು ಒಂದು ಹೂವಿಲ್ಲ ಎಂದು. ಊರಿನಲ್ಲಿ ಅವರು ಪ್ಲಾಸ್ಟಿಕ್ ಕವರ್ ಹಿಡಿದು ಹೊರಟರೆ ಬೀದಿಯ ದಾಸವಾಳದ ಗಿಡಗಳೆಲ್ಲ ಬೋಳು. ಕಂಡವರ ಮನೆ ಹೂವಿಗೇ ದೇವರು ಒಲಿಯುತ್ತಾನೆಂದು ಯಾರು ಹೇಳಿಕೊಟ್ಟಿದ್ದರೋ, ನಾ ಕಾಣೆ.

ಆ ವರ್ಷದ ಏಪ್ರಿಲ್ ಬಂತು. ನಮ್ಮ ಕಾಲನಿಯ ಡಚ್ ಮೂಲದವರು ವರ್ಷವೂ ಟುಲಿಪ್ ಹಬ್ಬ ಮಾಡುತ್ತಾರೆ. ಮಧ್ಯಾಹ್ನ ಮರದ ಚಪ್ಪಲಿ ತೊಟ್ಟು ಕುಣಿತ. ಅದಕ್ಕೂ ಮೊದಲು ಪಾರ್ಕಿನ ಸ್ಮಾರಕದ ಕಲ್ಲಿನೆದುರು, ಎರಡನೇ ಮಹಾಯುದ್ಧದಲ್ಲಿ ಸತ್ತ ತಮ್ಮವರಿಗೆ ಹೂವಿಡುವುದು. ಪಕ್ಕದ ಮನೆಯ ಅಜ್ಜಿ ಇದಕ್ಕೆಂದೇ ಬಾಗಿಲ ಮುಂದೆ ಬಿಳಿ ಟುಲಿಪ್ ಬೆಳೆಸುತ್ತಾರೆ. ಯುದ್ಧದ ಚಳಿಗಾಲದಲ್ಲಿ ಹಸಿವಿನಿಂದ ತೀರಿಕೊಂಡ ಪುಟ್ಟ ತಮ್ಮನಿಗಾಗಿ.

ಹಬ್ಬದ ಬೆಳಗ್ಗೆ ದೇವರ ಗೂಡಿನತ್ತ ನೋಡಿದರೆ ಶಿವನೇ ಕಾಣುತ್ತಿಲ್ಲ. ಬರೀ ಬಿಳಿ ಟುಲಿಪ್!

"ಮಾವ, ಇದೆಲ್ಲಿಂದ ತಂದ್ರಿ?"

"ಪಕ್ಕದ್ಮನೇದಮ್ಮ. ಕಾಂಪೌಂಡೇ ಇಲ್ವಲ್ಲ, ಕಿತ್ಕೊಂಡ್ ಬಂದೆ. ವಾಸನೆ ಮಾತ್ರ ಏನೂ ಇಲ್ಲ ನೋಡು."

ನನಗೆ ಪಿತ್ತ ನೆತ್ತಿಗೇರಿತು. ಕದ್ದದ್ದಲ್ಲದೆ ಮಾಲು ಸರಿಯಿಲ್ಲವೆಂಬ ದೂರು ಬೇರೆ! ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಅಜ್ಜಿ. ಹಬ್ಬದ ಬಿಳಿ ಟೋಪಿ, ಮರದ ಚಪ್ಪಲಿ, ಅತ್ತು ಕೆಂಪಾದ ಕಣ್ಣು. ತಮ್ಮನ ಹೂವನ್ನೆಲ್ಲ ಜಿಂಕೆ ತಿಂದುಬಿಟ್ಟಿದೆ, ನಿಮ್ಮಲ್ಲಿಗೂ ಬಂದಿತ್ತೇ ಎಂದು ಕೇಳಿದರು.

ಜಿಂಕೆ ಒಳಗೆ ಪಂಚೆಯುಟ್ಟು ಗಂಟೆ ಬಾರಿಸುತ್ತಿತ್ತು.

ಸುಳ್ಳು ಹೇಳಲಾಗಲಿಲ್ಲ. ಅಜ್ಜಿಯನ್ನು ಒಳಗೆ ಕರೆದು ತೋರಿಸಿದೆ. ಹೂವು ಯಾರಿಗಾಗಿ ಬೆಳೆದದ್ದೆಂದು ಮಾವನವರಿಗೂ ಹೇಳಿದೆ. ಅವರ ಮುಖ ಸಪ್ಪಗಾಯಿತು.

"ಛೆ ಛೆ, ಮಗೂದಾ?" ಎಂದರು. "ಪೂಜೆ ಇನ್ನೂ ಮುಗಿದಿಲ್ಲ ಕಣಮ್ಮ. ಆ ಮಗೂಗೆ ಸದ್ಗತಿ ಸಿಗ್ಲಿ ಅಂತ ಕೇಳ್ಕೊಂಡು ಹೂ ವಾಪಸ್ ಕೊಡ್ತೀನಿ. ಹೆಸರು ಕೇಳು. ಗೋತ್ರಾನೂ ಕೇಳು."

"ಡಚ್‌ನೋರಿಗೆ ಗೋತ್ರ ಎಲ್ಲಿಂದ ಬರ್ಬೇಕು ಮಾವ?"

"ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಗೋತ್ರ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಅಜ್ಜಿ ತಮ್ಮನ ಹೆಸರು ಹೇಳಿದರು. ಮಾವನವರು ಅದನ್ನು ಮಂತ್ರದ ನಡುವೆ ತುರುಕಿ ಗುರುತು ಸಿಗದಂತೆ ಮಾಡಿದರು. ಇವರು ಏನು ಹೇಳುತ್ತಿದ್ದಾರೆ ಎಂದು ಅಜ್ಜಿ ಪಿಸುಗುಟ್ಟಿದರು. ಇದು ಯಾವ ಮನೆತನದ ಮಗು ಎಂದು ದೇವರಿಗೆ ತಿಳಿಸುತ್ತಿದ್ದಾರೆ ಎಂದೆ.

"ಯಾವ ಮನೆತನ ಅಂದರು?"

ನಮ್ಮ ಗೋತ್ರವೂ ಕಾಶ್ಯಪವೇ. "ನಮ್ಮದು" ಎಂದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತುಬಿಟ್ಟೆ.