ಭಾಷಣಕ್ಕೆ ಬಂದ ತೂತುಗೂಡು

ಭಾಷಣ ಮಾಡುವವರು ಕೈಯಲ್ಲಿ ಏನಾದರೂ ಹಿಡಿದು ಬಂದರೆ ನನಗೆ ಮೊದಲು ಅನುಮಾನ ಬರುತ್ತದೆ. ದೀಪ, ಪೊರಕೆ, ತುಂಡಾದ ಸರಪಳಿ ಎಲ್ಲ ನೋಡಿದ್ದೇನೆ. ಸಭೆ ಮುಗಿದ ಮೇಲೆ ಆ ಸಾಮಾನು ಅವರ ಕಾರಿನಲ್ಲೇ ವಾಪಸ್ ಹೋಗುತ್ತದೆ.

ನಮ್ಮ ಕಾಲೊನಿಗೆ ಬಂದವರು ರೇಷ್ಮೆಗೂಡು ತಂದಿದ್ದರು. ವಿಷಯ ಟೀ ಹೋಟೆಲಿನದು. ಕನಕಪುರದ ಕಡೆಯ ನಮ್ಮೂರಿನ ಹೋಟೆಲಿನಲ್ಲಿ ಊರಿನವರಿಗೆ ಒಳಗೆ ಬೆಂಚು, ಸ್ಟೀಲ್ ಲೋಟ. ಕಾಲೊನಿಯ ನಮಗೆ ಹೊರಗೆ ನಿಂತು ಪೇಪರ್ ಕಪ್. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಟೀ ಕೊಡುವವನ ಕೈ ತಾನಾಗಿಯೇ ಕಪ್ಪಿನ ಕಡೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒಳಗೆ ಹೋಗಿ ಕೂರಬೇಕು ಎಂದು ಮಾತಾಗಿತ್ತು. ನಾಲ್ಕೇ ಜನ ಹೋದರೆ ಆ ನಾಲ್ವರನ್ನು ನಾಳೆಯಿಂದ ಊರಲ್ಲಿ ಯಾರೂ ಕೂಲಿಗೆ ಕರೆಯುವುದಿಲ್ಲ. ಎಲ್ಲರನ್ನೂ ಹೊರಡಿಸಲೆಂದೇ ಈ ಭಾಷಣ.

ಅವರು ಗೂಡನ್ನು ಮೇಲೆತ್ತಿ ತುದಿಯ ತೂತು ತೋರಿಸಿದರು. ಒಳಗಿದ್ದ ಹುಳು ಗೋಡೆ ಒಡೆದು ಚಿಟ್ಟೆಯಾಗಿ ಹಾರಿಹೋದ ಹಾಗೆ ನೀವೂ ಹೊರಗೆ ಬರಬೇಕು ಎಂದರು. ಚಪ್ಪಾಳೆಗೆ ಕಾದು ನಿಂತರು. ಬರಲಿಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲೆ ರಾಮನಗರದ ಫಿಲೇಚರ್ ಕಾರ್ಖಾನೆಯಲ್ಲಿ ಗೂಡಿನಿಂದ ನೂಲು ತೆಗೆದು ಮನೆ ಕಟ್ಟಿಸಿದವನು. ಕಾಲೊನಿಯ ಅರ್ಧ ಜನ ಅಲ್ಲೇ ದುಡಿದವರು. ತೂತುಗೂಡನ್ನು ನಾವು ಮೊದಲೇ ಆರಿಸಿ ಆಚೆ ಎಸೆಯುತ್ತೇವೆ.

ಪಕ್ಕದಲ್ಲಿದ್ದ ನನ್ನ ಚಿಕ್ಕವ್ವ ಕೂತಲ್ಲಿಂದಲೇ ಹೇಳಿದಳು: "ಸ್ವಾಮಿ, ತೂತುಗೂಡಲ್ಲಿ ನೂಲು ಬರಾಕಿಲ್ಲ. ಆ ಚಿಟ್ಟೆನೂ ಹಾರಾಕಿಲ್ಲ, ಅಲ್ಲೇ ಪಟಪಟ ಅಂತ ಒದ್ದಾಡ್ತಾ ಬಿದ್ದಿರ್ತದೆ."

ಜನ ನಕ್ಕರು. ನಾನೂ ನಕ್ಕೆ. ಆದರೆ ನಗುತ್ತಲೇ ಒಬ್ಬೊಬ್ಬರು ಎದ್ದು ಹೊರಟಾಗ ಬೆಳಿಗ್ಗೆಗೆ ಎಷ್ಟು ಜನ ಉಳಿದರೆಂದು ಎಣಿಸತೊಡಗಿದೆ. ಭಾಷಣದವರು ಮುಖ ಒರೆಸಿಕೊಂಡು, ಹಾಗಾದರೆ ನೀವೇ ಹೇಳಿ ಎಂದರು. ಇದೂ ಒಂದು ನಾಟಕವೇ ಇರಬೇಕು ಎಂದುಕೊಂಡೆ. ಚಿಕ್ಕವ್ವ ತಿವಿದಳು.

"ಎದ್ದೇಳ್ಲಾ. ಮನೇಲಿ ಅಷ್ಟು ಮಾತಾಡ್ತೀಯ."

ವೇದಿಕೆ ಹತ್ತಲಿಲ್ಲ. ನಿಂತಲ್ಲೇ ಕೈ ಎತ್ತಿದೆ. ಕುದಿನೀರಿನ ಗೂಡು ಆಡಿಸಿ ಆಡಿಸಿ ನನ್ನ ಬೆರಳ ತುದಿ ಬಿಳಿಚಿ ಸುಲಿದಿದೆ.

"ಊರೋರು ಪೂಜೆಗೆ ಮಡಿ ಅಂತ ಉಡೋದು ರೇಷ್ಮೆ. ಅದರ ಎಳೆ ಇಂಥ ಕೈ ಮುಟ್ಟೇ ಬಂದೈತೆ. ಅದು ಮಡಿ ಆಯ್ತದೆ, ಲೋಟ ಮಾತ್ರ ಮೈಲಿಗೆ ಆಯ್ತದಾ?"

ಹೊರಟವರು ನಿಂತರು. ಒಂದೊಂದಾಗಿ ಕೈಗಳು ಮೇಲೆದ್ದವು, ಬಿಳಿಚಿದ ಬೆರಳುಗಳು. ಹೆಮ್ಮೆಯಾಯಿತು. ಹಿಂದೆಯೇ ಅನುಮಾನವೂ ಬಂತು: ಅವರು ಗೂಡು ಎತ್ತಿದರು, ನಾನು ಕೈ ಎತ್ತಿದೆ, ಏನು ವ್ಯತ್ಯಾಸ? ನನ್ನದು ಕಾರಿನಲ್ಲಿ ವಾಪಸ್ ಹೋಗುವುದಿಲ್ಲ, ಅಷ್ಟೇ.

ಬೆಳಿಗ್ಗೆ ಎಲ್ಲರೂ ಬಂದರು. ಬೆಂಚು ಸಾಲದೆ ಕೆಲವರು ಒಳಗೆ ನಿಂತೇ ಇದ್ದರು. ಹೋಟೆಲಿನವನು ಟೀ ಕೊಟ್ಟ, ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ, ಊರ ಯಜಮಾನರಿಗೂ ಅದರಲ್ಲೇ. ಲೋಟ ತೊಳೆಯಲು ಆಳಿಲ್ಲ ಎಂದ. ಭಾಷಣದವರು ಫೋನ್ ಮಾಡಿ ಗೆದ್ದಿರಿ ಎಂದರು. ಚಿಕ್ಕವ್ವನೂ ಹಾಗೇ ಅನ್ನುತ್ತಾಳೆ.

ಈಗ ದಿನಾ ಬೆಂಚಿನ ಮೇಲೆ ಕೂರುತ್ತೇನೆ. ಆದರೆ ಹೋಟೆಲಿನ ಹಿಂದಿನ ಕಟ್ಟೆಯ ಮೇಲೆ ಸ್ಟೀಲ್ ಲೋಟಗಳನ್ನು ಬೋರಲು ಹಾಕಿರುತ್ತಾರೆ. ಹೋಗುವಾಗ ಒಂದನ್ನು ಮುಟ್ಟಿ ನೋಡುತ್ತೇನೆ. ಈಗಷ್ಟೇ ತೊಳೆದಿಟ್ಟಂತೆ ಒದ್ದೆ ಇರುತ್ತದೆ.